ಬುದ್ಧಿಮಾತಿಗೂ ಒಂದು ಹೊತ್ತು



ಸಾವಾದ ಮನೆಗೆ ಹೋದಾಗ ನೀವು ಏನು ಮಾತಾಡುತ್ತೀರಿ? "ಎಲ್ಲಾ ವಿಧಿ", "ಮಕ್ಕಳ ಮುಖ ನೋಡಿ ಧೈರ್ಯ ತಂದ್ಕೋ" ಅಂತ ತಾನೆ? ನಾನೂ ಹಾಗೇ ಹೇಳಿದವಳು.

ಕಳೆದ ಕಾರ್ತಿಕದಲ್ಲಿ, ರಾಜರಾಜೇಶ್ವರಿನಗರದ ನಮ್ಮ ಎದುರುಮನೆಯಾಕೆಯ ಯಜಮಾನರು ಇದ್ದಕ್ಕಿದ್ದಂತೆ ತೀರಿಕೊಂಡರು. ಆಕೆ ನನಗಿಂತ ಚಿಕ್ಕವಳು. ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ನಾನು 'ಮಂಕುತಿಮ್ಮನ ಕಗ್ಗ' ಹಿಡಿದುಕೊಂಡು ಹೋದೆ. ಎರಡು ಪದ್ಯ ಓದಿ ಅರ್ಥವನ್ನೂ ಹೇಳಿದೆ. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡು ಕೊನೆಗೆ ಅಂದಳು: "ಅಕ್ಕಾ, ನೀವು ಹೇಳಿದ್ದೆಲ್ಲಾ ನಿಜಾನೇ. ಆದ್ರೆ ಸಂಜೆ ಏಳು ಗಂಟೆಗೆ ಗೇಟಿನ ಸದ್ದು ಆಗಲ್ವಲ್ಲಾ, ಆಗ ನಾನೇನ್ ಮಾಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕ ಮುಚ್ಚಿ ಮನೆಗೆ ಬಂದೆ. ನಿಜ ಹೇಳಬೇಕೆಂದರೆ ಸ್ವಲ್ಪ ಕೋಪವೂ ಬಂದಿತ್ತು. ಒಳ್ಳೆಯ ಮಾತು ಹೇಳಿದರೂ ಹಿಡಿಸಲಿಲ್ಲವಲ್ಲ ಅಂತ!

ಆ ರಾತ್ರಿ ಯೋಚನೆ ಬೇರೆ ದಾರಿ ಹಿಡಿಯಿತು. ಕಗ್ಗ ಬರೆದ ಡಿ.ವಿ.ಜಿ.ಯವರು ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಮೆಟ್ರಿಕ್ ಕೂಡ ಪಾಸಾಗಲಿಲ್ಲ. ಪತ್ರಿಕೆಯ ಕೆಲಸ ಮಾಡಿಕೊಂಡು ಸಂಸಾರ ಸಾಗಿಸಿದರು. ಪತ್ನಿ ಭಾಗೀರಥಮ್ಮನವರು ಚಿಕ್ಕ ವಯಸ್ಸಿನಲ್ಲೇ ಹೋಗಿಬಿಟ್ಟರು. ಅವರು ಮತ್ತೆ ಮದುವೆಯಾಗಲಿಲ್ಲ. ಕಗ್ಗ ಪ್ರಕಟವಾದದ್ದು 1943ರಲ್ಲಿ. ಆಗ ಅವರಿಗೆ ಐವತ್ತಾರು ವಯಸ್ಸು. ಅಂದರೆ ಎಷ್ಟೋ ವರ್ಷದ ನೋವು, ಓದು, ಒಂಟಿತನ ಎಲ್ಲಾ ಮಾಗಿದ ಮೇಲೆ ಬಂದ ಮಾತು ಅದು. ಅದನ್ನು ನಾನು ಹದಿನೈದು ದಿನದ ದುಃಖದ ಮೇಲೆ ಹೇರಲು ಹೋಗಿದ್ದೆ! ಅದೂ ಯಾಕೆ? ಆಕೆ ಅಳೋದನ್ನ ನೋಡೋಕೆ ನನಗೆ ಆಗ್ತಿರಲಿಲ್ಲ, ಅದಕ್ಕೆ. ಸಮಾಧಾನ ಬೇಕಾಗಿದ್ದದ್ದು ನನಗೆ.

ಮಾರನೆಯ ದಿನದಿಂದ ಸಂಜೆ ಏಳಕ್ಕೆ ಮುಂಚೆ ಆಕೆಯ ಮನೆಗೆ ಹೋಗತೊಡಗಿದೆ. ಕೈಯಲ್ಲಿ ಪುಸ್ತಕವಲ್ಲ, ಬಿಡಿಸಲು ಸೊಪ್ಪೋ, ಕಟ್ಟಲು ಹೂವೋ. ಅವರೆಕಾಯಿ ಕಾಲ ಬಂದಾಗ ನೆನೆಹಾಕಿದ ಕಾಳು ತೆಗೆದುಕೊಂಡು ಹೋದೆ. ಇಬ್ಬರೂ ಹಿತಕುತ್ತಾ ಕೂತೆವು. ಸರಿಯಾಗಿ ನೆನೆಯದ ಕಾಳನ್ನು ಎಷ್ಟು ಒತ್ತಿದರೂ ಸಿಪ್ಪೆ ಬಿಡೋದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಏಳು ಗಂಟೆ ಆಗ್ತಿತ್ತು, ಆಕೆ ಗೇಟಿನ ಕಡೆ ನೋಡ್ತಿದ್ದಳು, ಕಣ್ಣು ಒರೆಸಿಕೊಳ್ತಿದ್ದಳು. ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿರೋದು ಎಷ್ಟು ಕಷ್ಟ ಅಂತ ಆಗ ತಿಳಿಯಿತು.

ಮೊನ್ನೆ ಆಕೆಯೇ ಕೇಳಿದಳು: "ಅಕ್ಕಾ, ಆವತ್ತು ತಂದಿದ್ರಲ್ಲ ಆ ಪುಸ್ತಕ, ಇದ್ದರೆ ಕೊಡ್ತೀರಾ?"

ಕೊಟ್ಟು ಬಂದೆ. ಅರ್ಥ ಹೇಳಲು ಹೋಗಲಿಲ್ಲ. ಈಗ ಆಕೆಗೆ ಅದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ನಿಮ್ಮ ಬೀದಿಯಲ್ಲೂ ಇಂಥ ಮನೆಯೊಂದು ಇದ್ದೀತು. ಇವತ್ತು ಸಂಜೆ ಒಂದು ಕಟ್ಟು ಸೊಪ್ಪು ಹಿಡಿದುಕೊಂಡು ಹೋಗಿಬನ್ನಿ.