ಹಟ್ಟಿಗೂ ಪರವಾನಿಗೆ: ನೆಕ್ರಾಜೆಯ ಕೃಷಿಕರಿಗೆ ನಿಯಮದ ಗೊಂದಲ

ನೆಕ್ರಾಜೆ: ಮನೆ ಕಟ್ಟುವವರು ಪಂಚಾಯತ್ ಪರವಾನಿಗೆ ಪಡೆಯಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಮನೆ ಪಕ್ಕದ ಹಟ್ಟಿ, ಸೌದೆ ಕೊಟ್ಟಿಗೆ, ಅಡಿಕೆ ದಾಸ್ತಾನಿಡುವ ಶೀಟಿನ ಶೆಡ್ಡು ಇವಕ್ಕೂ ನಿಯಮವಿದೆ ಎಂಬುದು ಹಲವರಿಗೆ ತಿಳಿಯುವುದು ಕಟ್ಟಿ ಮುಗಿದ ಮೇಲೆ.

ಚೆಂಗಳ ಗ್ರಾಮ ಪಂಚಾಯತ್ ವ್ಯಾಪ್ತಿಯ ನೆಕ್ರಾಜೆಗೆ ಅನ್ವಯವಾಗುವುದು 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಾವಳಿ. ಅದರಂತೆ ಯಾವ ಉದ್ದೇಶಕ್ಕೆ, ಯಾವ ಸಾಮಗ್ರಿಯಿಂದ ಕಟ್ಟಿದರೂ, ಜನವಾಸವಿಲ್ಲದಿದ್ದರೂ ಅದು ಕಟ್ಟಡವೇ. ಮದುವೆ, ಪೂಜೆಗೆಂದು ತಾತ್ಕಾಲಿಕವಾಗಿ ಹಾಕುವ ಶಾಮಿಯಾನ, ಟಾರ್ಪಾಲಿನ ಚಪ್ಪರ ಮಾತ್ರ ಹೊರಗೆ. ಮಳೆಗಾಲಕ್ಕೆಂದು ಕಂಬ ನೆಟ್ಟು ಹಾಕಿದ ಶೀಟು ಹತ್ತು ವರ್ಷ ನಿಂತರೆ ಅದನ್ನು ಚಪ್ಪರ ಎಂದು ವಾದಿಸುವುದು ಕಷ್ಟ!

ಅನುಮತಿಯಿಲ್ಲದ ಕಟ್ಟಡಕ್ಕೆ 'ಯು.ಎ.' ನಂಬ್ರ ಬೀಳುತ್ತದೆ. ಪಂಚಾಯತ್ ರಾಜ್ ಕಾಯ್ದೆಯಂತೆ ಮಾಮೂಲು ತೆರಿಗೆಯ ಜೊತೆ ಅದರ ಇಮ್ಮಡಿಯನ್ನೂ ಕಟ್ಟಬೇಕು. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. ರಸ್ತೆ ಬದಿಯವರು ಇನ್ನೂ ಎಚ್ಚರದಿಂದಿರಬೇಕು. ರಾಷ್ಟ್ರೀಯ, ರಾಜ್ಯ, ಜಿಲ್ಲಾ ರಸ್ತೆಗಳ ಅಂಚಿನ ಜಾಗದಲ್ಲಿ 3 ಮೀಟರ್ ಬಿಡಲೇಬೇಕು. ಕುಡಿಯುವ ನೀರಿನ ಬಾವಿಗೂ ಶೌಚದ ಗುಂಡಿಗೂ ನಡುವೆ 7.5 ಮೀಟರ್ ಅಂತರವಿರಬೇಕು. ಈ ಕೊನೆಯ ನಿಯಮವನ್ನು ಕಿರಿಕಿರಿ ಎಂದು ದೂರುವಂತಿಲ್ಲ, ನೆರೆಮನೆಯ ಬಾವಿಯೂ ಲೆಕ್ಕಕ್ಕೆ ಬರುತ್ತದೆ.

ನಿಜವಾದ ಸಿಕ್ಕು ಇರುವುದು ಜಾಗದ ದಾಖಲೆಯಲ್ಲಿ. ಹಳೆಯ ದಾಖಲೆಯಲ್ಲಿ 'ನಂಜ' ಎಂದಿರುವ ಎಷ್ಟೋ ಗದ್ದೆಗಳು ಇಂದು ಕಂಗಿನ ತೋಟ. ಕಣ್ಣಿಗೆ ತೋಟ, ಕಾಗದದಲ್ಲಿ ಗದ್ದೆ. ಅದು 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆಯ ಡಾಟಾ ಬ್ಯಾಂಕ್‌ನಲ್ಲಿದ್ದರೆ ಶೆಡ್ಡಿನ ಅರ್ಜಿ ಅಲ್ಲಿಗೇ ನಿಲ್ಲಬಹುದು. ಅದರಲ್ಲಿಲ್ಲದ ಜಾಗವಾದರೆ 2018ರ ತಿದ್ದುಪಡಿಯಂತೆ ಕಂದಾಯ ಇಲಾಖೆಯಲ್ಲಿ ಸ್ವಭಾವ ಬದಲಾವಣೆಗೆ ಅರ್ಜಿ ಹಾಕುವ ದಾರಿಯಿದೆ. ಹಾಗಾಗಿ ಕಲ್ಲು ಇಳಿಸುವ ಮೊದಲು ಗ್ರಾಮ ಕಚೇರಿಯಲ್ಲಿ ದಾಖಲೆ ನೋಡುವುದೇ ಕ್ಷೇಮ.

ಗಡಿಯಾಚೆ ಪುತ್ತೂರು, ಸುಳ್ಯದಲ್ಲಿರುವ ನೆಂಟರ ಮಾತು ಇಲ್ಲಿ ನಡೆಯದು. ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಕೃಷಿಕನಿಗೆ ತನ್ನ ಕೃಷಿ ಜಮೀನಿನಲ್ಲಿ ಮಿತಿಯೊಳಗೆ ಕೃಷಿ ಕಟ್ಟಡ ಕಟ್ಟಲು ಅವಕಾಶ ನೀಡಿದೆ. ಕೇರಳದ ಲೆಕ್ಕಾಚಾರವೇ ಬೇರೆ.

ಶುಲ್ಕದ ಭಾರ ಕೊಂಚ ಇಳಿದಿದೆ. 2023ರ ಏಪ್ರಿಲ್‌ನಲ್ಲಿ ಏರಿಸಿದ ಪರವಾನಿಗೆ ಶುಲ್ಕವನ್ನು ಜನರ ವಿರೋಧದ ನಂತರ 2024ರ ಆಗಸ್ಟ್ 1ರಿಂದ ಶೇ. 60ರ ವರೆಗೆ ಇಳಿಸಲಾಯಿತು. 2025ರ ಏಪ್ರಿಲ್ 10ರಿಂದ ಗ್ರಾಮ ಪಂಚಾಯತ್‌ಗಳಿಗೂ ಕೆ-ಸ್ಮಾರ್ಟ್ ಬಂದು ಅರ್ಜಿ ಆನ್‌ಲೈನ್ ಆಗಿದೆ. ಮೊಬೈಲ್ ಸಿಗ್ನಲಿಗಾಗಿ ಗುಡ್ಡ ಹತ್ತುವವರಿಗೆ ಇದು ಎಷ್ಟು ಅನುಕೂಲವೋ!

ಭಾಷೆಯದ್ದು ಇನ್ನೊಂದು ವಿಷಯ. ಘೋಷಿತ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಮಲಯಾಳ ಮಾತಾಡಲು ಬಲ್ಲವರೂ ಕಚೇರಿಯ ಮಲಯಾಳ ಓದುವಾಗ ತಡವರಿಸುತ್ತಾರೆ. ನೋಟೀಸು ಕೈಗೆ ಬಂದಾಗ ಅರ್ಥವಾಗದಿದ್ದರೆ ಸುಮ್ಮನೆ ಸಹಿ ಹಾಕದೆ, ಕನ್ನಡದಲ್ಲಿ ಉತ್ತರ ಕೊಡಿ ಎಂದು ಲಿಖಿತವಾಗಿ ಕೇಳಬಹುದು.