ಕೂಗುವ ಪೆಟ್ಟಿಗೆ ಇದೆ, ಕೇಳುವ ಕಿವಿ ಇಲ್ಲ

ಸಣ್ಣ ವಿಮಾನವೊಂದು ಕಾಡಿನಲ್ಲೋ ಬೆಟ್ಟದಲ್ಲೋ ಬಿದ್ದಾಗ ಪೈಲಟ್‌ಗೆ ಪ್ರಜ್ಞೆ ಇಲ್ಲದಿರಬಹುದು. ಮೊಬೈಲ್‌ಗೆ ಸಿಗ್ನಲ್ ಇಲ್ಲದಿರಬಹುದು. ಅಂಥ ಹೊತ್ತಿಗೆಂದೇ ವಿಮಾನದ ಹಿಂಭಾಗದಲ್ಲಿ ಒಂದು ಪುಟ್ಟ ಪೆಟ್ಟಿಗೆ ಇಟ್ಟಿರುತ್ತಾರೆ. ಜೋರು ಹೊಡೆತ ಬಿದ್ದ ಕೂಡಲೇ ಅದು ತಾನಾಗಿ ಚಾಲೂ ಆಗಿ ರೇಡಿಯೊ ಸಂಕೇತ ಕಳಿಸುತ್ತದೆ. ಇದಕ್ಕೆ ಇಎಲ್‌ಟಿ ಎನ್ನುತ್ತಾರೆ. ಜೀವ ಹೋಗುವ ಮೊದಲು ಜನ ತಲುಪಲಿ ಎಂಬುದೇ ಅದರ ಉದ್ದೇಶ.

ಅಮೆರಿಕದ ಎಷ್ಟೋ ಖಾಸಗಿ ಸಣ್ಣ ವಿಮಾನಗಳಲ್ಲಿ ಇಂದಿಗೂ ಇರುವುದು 121.5 ಮೆಗಾಹರ್ಟ್ಸ್‌ನ ಹಳೇ ಪೆಟ್ಟಿಗೆ. 2009ರ ಫೆಬ್ರುವರಿ 1ರಿಂದ ಉಪಗ್ರಹಗಳು ಆ ತರಂಗಾಂತರವನ್ನು ಆಲಿಸುತ್ತಿಲ್ಲ. ಹತ್ತಿರದಲ್ಲಿ ಹಾರುವ ಬೇರೆ ವಿಮಾನದ ರೇಡಿಯೊಗೆ ಕೇಳಿಸಿದರೆ ಅದೃಷ್ಟ. ಆದರೂ ಅಲ್ಲಿನ ಕಾನೂನು ಅದನ್ನು ಒಪ್ಪುತ್ತದೆ. ಪೊಲೀಸರ ದಂಡ ತಪ್ಪಿಸಲು ಟೋಪಿಯಂಥ ಹೆಲ್ಮೆಟ್ ಹಾಕಿಕೊಂಡು ಬೈಕ್ ಓಡಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹಳೇ ಪೆಟ್ಟಿಗೆಗೆ ಒಂದು ಕೊನೆಯ ದಿನಾಂಕ ಗೊತ್ತು ಮಾಡಲೇಬೇಕು ಎಂಬುದು ನನ್ನ ವಾದ.

ಈ ಕಾನೂನು ಅಮೆರಿಕದವರಿಗೆ ಸುಮ್ಮನೆ ಬಂದದ್ದಲ್ಲ. 1972ರ ಅಕ್ಟೋಬರ್ 16ರಂದು ಅಲಾಸ್ಕದಲ್ಲಿ ಸಂಸದರಾದ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಇದ್ದ ಸೆಸ್ನಾ ವಿಮಾನ ಕಾಣೆಯಾಯಿತು. 39 ದಿನ ಹುಡುಕಿದರೂ ಒಂದು ಚೂರೂ ಸಿಗಲಿಲ್ಲ. ಇಂದಿಗೂ ಸಿಕ್ಕಿಲ್ಲ. ಸಣ್ಣ ವಿಮಾನಗಳಿಗೆ ಬೀಕನ್ ಕಡ್ಡಾಯವಾದದ್ದು ಆ ಕಾಲದಲ್ಲೇ. ಮುಂದೆ ಅಮೆರಿಕ, ಕೆನಡಾ, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ಶೀತಲ ಸಮರದ ಜಗಳ ಬದಿಗಿಟ್ಟು ‘ಕೋಸ್ಪಾಸ್-ಸಾರ್ಸ್ಯಾಟ್’ ಎಂಬ ಉಪಗ್ರಹ ವ್ಯವಸ್ಥೆ ಕಟ್ಟಿದವು. 1982ರ ಸೆಪ್ಟೆಂಬರ್‌ನಲ್ಲಿ ಅದು ಮೊದಲು ಉಳಿಸಿದ್ದು ಕೆನಡಾದಲ್ಲಿ ಬಿದ್ದ ಸಣ್ಣ ವಿಮಾನದ ಮೂವರನ್ನು.

ಹಾಗಾದರೆ ಉಪಗ್ರಹಗಳು ಹಳೇ ಕೂಗಿಗೆ ಕಿವಿ ಮುಚ್ಚಿದ್ದೇಕೆ? ಆ ಪೆಟ್ಟಿಗೆ ಬರೀ ‘ಕುಂಯ್ ಕುಂಯ್’ ಎನ್ನುತ್ತಿತ್ತು. ಕೂಗುತ್ತಿರುವವರು ಯಾರು, ಯಾವ ದೇಶದವರು ಎಂಬುದು ತಿಳಿಯುತ್ತಿರಲಿಲ್ಲ. ಜಾಗ ಹೇಳುವುದರಲ್ಲಿ 20 ಕಿಲೋಮೀಟರ್‌ವರೆಗೂ ತಪ್ಪುತ್ತಿತ್ತು. ಬಂದ ಕೂಗುಗಳಲ್ಲಿ ಬಹುಪಾಲು ಸುಳ್ಳು. ವಿಮಾನ ಜೋರಾಗಿ ನೆಲಕ್ಕಿಳಿದರೂ ಪೆಟ್ಟಿಗೆ ಕೂಗಿಬಿಡುತ್ತಿತ್ತು. ತೋಳ ಬಂತು ತೋಳ ಎಂದು ದಿನಾ ಕೂಗಿದರೆ ಊರವರು ಎಷ್ಟು ಸಲ ಓಡಿಬಂದಾರು?

ಹೊಸ 406 ಮೆಗಾಹರ್ಟ್ಸ್ ಪೆಟ್ಟಿಗೆ ತನ್ನ ಗುರುತಿನ ಸಂಖ್ಯೆಯನ್ನೇ ಕಳಿಸುತ್ತದೆ. ಅದು ನೋಂದಣಿಯಾಗಿದ್ದರೆ ಮಾಲೀಕರ ಫೋನ್ ನಂಬರ್ ಸಿಗುತ್ತದೆ. ಒಂದು ಕರೆ ಮಾಡಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಜಿಪಿಎಸ್ ಜೋಡಿಸಿದ್ದರೆ ಬಿದ್ದ ಜಾಗವನ್ನು ಸುಮಾರು ನೂರು ಮೀಟರ್ ಅಂತರದಲ್ಲಿ ತೋರಿಸುತ್ತದೆ. ಹುಡುಕುವವರಿಗೆ ಇಡೀ ಕಾಡಿನ ಬದಲು ಒಂದು ಹೊಲದಷ್ಟು ಜಾಗ ಸಿಕ್ಕಂತೆ.

ಖರ್ಚಿನ ಮಾತು ಬರುತ್ತದೆ. ಪೆಟ್ಟಿಗೆ, ಆಂಟೆನಾ, ಮೆಕ್ಯಾನಿಕ್ ಕೂಲಿ ಸೇರಿದರೆ ಸಾವಿರಾರು ಡಾಲರ್ ಆಗಬಹುದು. ಹಳೇ ವಿಮಾನ ಇಟ್ಟುಕೊಂಡ ಮಾಲೀಕರಿಗೆ ಅದು ಭಾರವೇ, ಒಪ್ಪುತ್ತೇನೆ. ‘ಜೇಬಿನಲ್ಲಿ ಇಟ್ಟುಕೊಳ್ಳುವ ಬೀಕನ್ ಇದೆ, ಸಾಕು’ ಎನ್ನುವ ಪೈಲಟ್‌ಗಳೂ ಇದ್ದಾರೆ. ಆದರೆ ಜೇಬಿನ ಬೀಕನ್ ಒತ್ತಲು ಎಚ್ಚರ ಇರಬೇಕು, ಕೈ ಆಡಬೇಕು. ಇನ್ನು ದುಡ್ಡು ಉಳಿಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಮಾಲೀಕರು ಉಳಿಸಿದ್ದನ್ನು ಹುಡುಕಾಟಕ್ಕೆ ಬೇರೆಯವರು ಸುರಿಯುತ್ತಾರೆ. ಕೆಟ್ಟ ಹವೆಯಲ್ಲಿ ಬೆಟ್ಟಗಳ ನಡುವೆ ಹಾರುವ ರಕ್ಷಣಾ ಸಿಬ್ಬಂದಿಗೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ.

ಹಾಗೆಂದು ಹೊಸ ಪೆಟ್ಟಿಗೆ ತಂದಿಟ್ಟರೆ ಮುಗಿಯಿತೇ? ಅದೂ ಇಲ್ಲ. 2010ರ ಆಗಸ್ಟ್ 9ರಂದು ಅಲಾಸ್ಕದಲ್ಲಿ ಮಾಜಿ ಸೆನೆಟರ್ ಟೆಡ್ ಸ್ಟೀವನ್ಸ್ ಇದ್ದ ವಿಮಾನ ಬೆಟ್ಟಕ್ಕೆ ಅಪ್ಪಳಿಸಿತು. ಅದರಲ್ಲಿದ್ದದ್ದು 406ರ ಪೆಟ್ಟಿಗೆಯೇ. ಹೊಡೆತಕ್ಕೆ ಅದು ತನ್ನ ಜಾಗದಿಂದ ಕಳಚಿ ಆಂಟೆನಾದಿಂದ ಬೇರೆಯಾಯಿತು. ಉಪಗ್ರಹಕ್ಕೆ ಸಂಕೇತ ತಲುಪಲೇ ಇಲ್ಲ. ಒಂಬತ್ತು ಜನರಲ್ಲಿ ಐವರು ಸತ್ತರು. ಬದುಕಿದ ನಾಲ್ವರನ್ನು ಬೆಟ್ಟದಿಂದ ಇಳಿಸಿದ್ದು ಮರುದಿನ. ಪೆಟ್ಟಿಗೆ ಬದಲಿಸುವುದು ಎಂದರೆ ಅದನ್ನು ಗಟ್ಟಿಯಾಗಿ ಕೂರಿಸುವುದು, ಬ್ಯಾಟರಿಯ ಅವಧಿ ನೋಡುವುದು, ಆಂಟೆನಾ ಪರೀಕ್ಷಿಸುವುದು ಎಲ್ಲವೂ ಸೇರಿದ ಕೆಲಸ.

ದಾರಿ ತೋರಿಸಿದ್ದು ಕೆನಡಾ. 2020ರಲ್ಲಿ ನಿಯಮ ಬದಲಿಸಿ, ಬಾಡಿಗೆಗೆ ಹಾರುವ ವಿಮಾನಗಳಿಗೆ ಒಂದು ವರ್ಷ, ಖಾಸಗಿ ವಿಮಾನಗಳಿಗೆ ಐದು ವರ್ಷ ಗಡುವು ಕೊಟ್ಟಿತು. ಐದು ವರ್ಷ ಕೊಟ್ಟರೆ ಸಣ್ಣ ಮಾಲೀಕರೂ ದುಡ್ಡು ಹೊಂದಿಸಿಕೊಳ್ಳಬಹುದು. ಅಮೆರಿಕಕ್ಕೆ ಇದು ಆಗದ ಕೆಲಸವಲ್ಲ.

‘ವಿಮಾನ ಇರುವವರ ಗೋಳು, ನಮಗೇಕೆ’ ಎನ್ನಬೇಡಿ. ಭಾರತದ ಮೇಲಿನ ಇಂಥ ಕೂಗುಗಳೆಲ್ಲ ಮೊದಲು ಬಂದು ತಲುಪುವುದು ಬೆಂಗಳೂರಿನ ಇಸ್ರೊ ಕೇಂದ್ರಕ್ಕೆ. ನಮ್ಮ ದೇಶದ ಬೀಕನ್‌ಗಳ ನೋಂದಣಿಯೂ ಅಲ್ಲೇ. ಬೆಳಗಾವಿ, ಕಲಬುರಗಿಯಲ್ಲಿ ಪೈಲಟ್ ತರಬೇತಿಯ ವಿಮಾನಗಳು ನಮ್ಮ ಹೊಲಗಳ ಮೇಲೇ ಹಾರುತ್ತವೆ. 2023ರ ಮೇ 30ರಂದು ಬೆಳಗಾವಿ ಬಳಿಯ ಹೊನ್ನಿಹಾಳದ ಹೊಲದಲ್ಲಿ ಒಂದು ತರಬೇತಿ ವಿಮಾನ ತುರ್ತಾಗಿ ಇಳಿಯಿತು. ಹಗಲು, ಬಯಲು, ಪಕ್ಕದಲ್ಲೇ ಊರು. ಅದೇ ಪಶ್ಚಿಮ ಘಟ್ಟದ ಕಾಡಿನಲ್ಲಿ, ಮಳೆಗಾಲದಲ್ಲಿ ಆಗಿದ್ದರೆ? ಹುಡುಕಲು ಮೊದಲು ಕಾಡು ಹೊಕ್ಕುವವರು ಆ ಸೀಮೆಯ ಹಳ್ಳಿಯವರೇ.

ಕರಾವಳಿಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಬಾಗಿಲು ನೋಡುತ್ತ ಕೂತ ಮನೆಗಳನ್ನು ನೆನೆಸಿಕೊಳ್ಳಿ. ಇಸ್ರೊ ಈಗ ಬೋಟುಗಳಿಗಾಗಿ ಮಾಡಿರುವ ಎರಡನೇ ತಲೆಮಾರಿನ ತುರ್ತು ಸಾಧನ, ‘ನಿಮ್ಮ ಕೂಗು ಕೇಳಿಸಿತು’ ಎಂದು ತಿರುಗಿ ಉತ್ತರವನ್ನೂ ಕೊಡುತ್ತದೆ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಪೈಲಟ್ ತರಬೇತಿಗೆ ಸೇರಿದ್ದರೆ, ಬೋಟಿಗೆ ಹೋಗುತ್ತಿದ್ದರೆ ಮೂರು ಪ್ರಶ್ನೆ ಕೇಳಿ. ಪೆಟ್ಟಿಗೆ ಯಾವ ಕಾಲದ್ದು? ಬ್ಯಾಟರಿ ಅವಧಿ ಯಾವಾಗ ಮುಗಿಯುತ್ತದೆ? ನೋಂದಣಿಯಲ್ಲಿರುವ ಫೋನ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯೇ? ಹೀಗೆ ಕೇಳಲು ಯಾವ ಕಾನೂನೂ ಬರುವ ತನಕ ಕಾಯಬೇಕಿಲ್ಲ.