ಜಗಲಿಯ ಮಾತು: ನಾಲ್ವತ್ತೇಳನೆಯ ನಡೆ

ಗೆದ್ದವನು ತನ್ನ ಆಟವನ್ನು ಊರಿಗೆಲ್ಲ ಹೇಳುವನು. ಸೋತವನು ಮನೆಯವರಿಗೂ ಹೇಳನು. ಗೆಲ್ಲದೆ ಸೋಲದೆ ಮನೆಗೆ ಬಂದವನ ಪಾಡು ಇವೆರಡಕ್ಕೂ ಬೇರೆ. ಅವನು ಹೇಳುವದೂ ಉಂಟು, ಹೇಳುವಾಗ ಕತೆಯನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುವದೂ ಉಂಟು. ನಾನು ಕಳೆದ ತಿಂಗಳು ರಾಣೇಬೆನ್ನೂರಿನಲ್ಲಿ ನಡೆದ ಚದುರಂಗದ ಪಂದ್ಯಕ್ಕೆ ಹೋಗಿ ಬಂದ ಮೇಲೆ ಎಂಟು ದಿವಸ ಮಾಡಿದ್ದು ಇದನ್ನೇ. ನಮ್ಮ ಕುಪ್ಪೇಲೂರಿನ ಕಟ್ಟೆಯ ಮೇಲೆ ಕುಳಿತವರಿಗೆ, ಹಾಲು ತರುವವನಿಗೆ, ಹಾವೇರಿಯಿಂದ ಬಂದ ಬೀಗರಿಗೆ ಒಂದೇ ಮಾತು: “ಗೆದ್ದ ಆಟ ಕೈ ಬಿಟ್ಟು ಹೋಯಿತು, ಯಾರದೋ ಮೊಬೈಲು ಬಾರಿಸಿ ಚಿತ್ತ ಚಂಚಲವಾಯಿತು.” ಒಂಬತ್ತನೆಯ ದಿವಸ ಮನೆಯಾಕೆ ರೊಟ್ಟಿ ಬಡಿಯುತ್ತಲೇ, “ಫೋನು ಬಾರಿಸಿದ್ದು ಆ ಹುಡುಗಿಗೂ ಕೇಳಿಸಿರಬೇಕಲ್ರಿ?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಊಟವಾದ ಬಳಿಕ ಮಣೆಯನ್ನು ತೆಗೆದು, ನಡೆಗಳನ್ನು ಬರೆದಿಟ್ಟ ಕಾಗದವನ್ನು ಬಿಚ್ಚಿ ಕುಳಿತೆನು.

ನನ್ನ ಎದುರಿಗೆ ಆಡಿದವಳು ಬ್ಯಾಡಗಿಯ ಕಡೆಯ ಹನ್ನೆರಡು ವರ್ಷದ ಬಾಲಿಕೆ. ಮೂವತ್ತು ವರ್ಷ ಅದೇ ವಯಸ್ಸಿನ ಮಕ್ಕಳಿಗೆ ಶಬ್ದರೂಪಗಳನ್ನು ಕಂಠಪಾಠ ಮಾಡಿಸಿದ ನನಗೆ, ಕುರ್ಚಿಯ ಮೇಲೆ ಕುಳಿತರೆ ಕಾಲು ನೆಲಕ್ಕೆ ತಾಗದ ಪ್ರತಿಸ್ಪರ್ಧಿಯನ್ನು ಕಂಡು ಸ್ವಲ್ಪ ಔದಾರ್ಯವೇ ಉಂಟಾಯಿತೆಂದು ಒಪ್ಪಿಕೊಳ್ಳುವೆನು. ಅವಳಿಗೆ ಅಂಥ ಔದಾರ್ಯವೇನೂ ಇರಲಿಲ್ಲ.

ಆಟವನ್ನರಿಯದ ವಾಚಕರಿಗಾಗಿ ಎರಡು ಮಾತು. ಅರವತ್ತುನಾಲ್ಕು ಮನೆಗಳ ಮಣೆಯಲ್ಲಿ ಬಿಳಿಯ ಕಾಯಿಗಳವನ ಎಡಗಡೆಯಿಂದ ನಿಲುವು ಸಾಲುಗಳಿಗೆ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು. ಅವನ ಕಡೆಯಿಂದ ಮೇಲಕ್ಕೆ ಅಡ್ಡ ಸಾಲುಗಳಿಗೆ ೧ರಿಂದ ೮ರ ವರೆಗೆ ಅಂಕೆ. ಒಂಟೆಯು ಓರೆಯಾಗಿ ನಡೆಯತಕ್ಕದ್ದಾದ್ದರಿಂದ, ಕರಿಯ ಮನೆಯಲ್ಲಿ ಹುಟ್ಟಿದ ಒಂಟೆ ಆಟ ಮುಗಿಯುವ ತನಕ ಬಿಳಿಯ ಮನೆಯನ್ನು ಮುಟ್ಟುವದಿಲ್ಲ. ಇದಿಷ್ಟು ನೆನಪಿದ್ದರೆ ನನ್ನ ದುರವಸ್ಥೆ ಪೂರ್ತಿಯಾಗಿ ತಿಳಿಯುವದು.

ನಾಲ್ವತ್ತಾರು ನಡೆಗಳಾದಾಗ ಮಣೆಯ ಮೇಲೆ ಉಳಿದಿದ್ದು ಆರೇ ಕಾಯಿ. ಬಿಳಿಯವು ನನ್ನವು: ಅರಸ ಡಿ೪ರಲ್ಲಿ, ಒಂಟೆ ಇ೩ರಲ್ಲಿ, ಕಾಲಾಳುಗಳು ಎ೩ ಮತ್ತು ಬಿ೪ರಲ್ಲಿ. ಅವಳ ಅರಸ ಸಿ೬ರಲ್ಲಿ; ಅವಳ ಏಕಮಾತ್ರ ಕಾಲಾಳನ್ನು ಆಗಷ್ಟೇ ಎ೬ರಿಂದ ಎ೫ಕ್ಕೆ ತಂದು ನನ್ನ ಬಿ೪ರ ಕಾಲಾಳಿಗೆ ಎದುರು ನಿಲ್ಲಿಸಿದ್ದಳು. ನನಗೆ ಒಂದು ಒಂಟೆ ಹೆಚ್ಚು, ಒಂದು ಕಾಲಾಳು ಹೆಚ್ಚು. ಗಡಿಯಾರದಲ್ಲಿ ಹನ್ನೊಂದು ನಿಮಿಷ ಉಳಿದಿತ್ತು. ನಾನು ಐದು ಕ್ಷಣವನ್ನೂ ವ್ಯಯಿಸದೆ ಬಿ೪ರ ಕಾಲಾಳಿನಿಂದ ಎ೫ರದನ್ನು ಹೊಡೆದೆನು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವವರುಂಟೇ? ಈಗ ನನಗೆ ಎರಡು ಕಾಲಾಳು, ಒಂಟೆ. ಅವಳಿಗೆ ಬರಿಯ ಅರಸ.

ಅವಳು ಅರಸನನ್ನು ಬಿ೭ಕ್ಕೆ ಸರಿಸಿದಳು. ಅಲ್ಲಿಂದ ಎ೮ರ ಮೂಲೆಗೆ. ಆ ಮೂಲೆ ಬಿಳಿಯ ಮನೆ. ನನ್ನದು ಕರಿಯ ಮನೆಗಳ ಒಂಟೆ. ನನ್ನ ಕಾಲಾಳುಗಳೆರಡೂ ಅದೇ ಎ ಸಾಲಿನಲ್ಲಿ ಒಂದರ ಹಿಂದೊಂದು ನಿಂತು, ಅದೇ ಮೂಲೆಯಲ್ಲಿ ಮಂತ್ರಿಪದವಿಯನ್ನು ಪಡೆಯಬೇಕಾದವು. ಅಲ್ಲಿ ಕುಳಿತ ಅರಸನನ್ನು ಎಬ್ಬಿಸಲು ಒಂಟೆಗೆ ಅಧಿಕಾರವಿಲ್ಲ. ಎ ಸಾಲಿನಲ್ಲಿ ಎರಡಲ್ಲ, ಇನ್ನೂ ಒಂದು ಕಾಲಾಳಿದ್ದರೂ ಪ್ರಯೋಜನವಿರಲಿಲ್ಲ. ನಾನಾದರೋ ಇದನ್ನು ತಿಳಿಯದೆ ಹನ್ನೊಂದು ನಡೆ ಸುತ್ತುಬಳಸಿ ಬೆನ್ನಟ್ಟಿದೆನು. ೫೮ನೆಯ ನಡೆಯಲ್ಲಿ ಕಾಲಾಳನ್ನು ಎ೭ಕ್ಕೆ ನೂಕಿದಾಗ ಅವಳ ಅರಸನಿಗೆ ಶಹವೂ ಇಲ್ಲ, ಸರಿಯಲು ಮನೆಯೂ ಇಲ್ಲ. ಆಟ ಸಮವಾಯಿತು, ಇಬ್ಬರಿಗೂ ಅರ್ಧರ್ಧ ಅಂಕ.

ಕೈಕುಲುಕುವಾಗ, “ಹೀಗಾಗುವದು ನಿನಗೆ ಗೊತ್ತಿತ್ತೇನಮ್ಮಾ?” ಎಂದು ಕೇಳಿದೆನು. “ಹೂಂ ಅಜ್ಜಾರ, ಮೂಲೀ ಮನಿ ಬಿಳೇದೈತ್ರಿ, ನಿಮ್ಮ ಒಂಟಿ ಕರೀ ಮನ್ಯಾಗ ಅಷ್ಟ ಓಡಾಡೂದು. ಅದಕ್ಕ ಪ್ಯಾದಿ ಮುಂದ ಕೊಟ್ಟೆ,” ಎಂದಳು. ಎಂದರೆ ನಾನು ಪುಕ್ಕಟೆಯೆಂದು ತಿಳಿದದ್ದು ಅವಳು ಇಟ್ಟ ಗಾಳದ ಹುಳ. ಈ ಸಂಭಾಷಣೆಯನ್ನು ನಾನು ಕಟ್ಟೆಯ ಮೇಲೆ ಹೇಳಿರಲಿಲ್ಲವೆಂಬುದು ಬೇರೆ ಮಾತು.

ಮಾಡತಕ್ಕದ್ದೇನಿತ್ತು? ಅರಸನನ್ನು ಸಿ೪ಕ್ಕೆ ತರಬೇಕಾಗಿತ್ತು, ಅಷ್ಟೆ. ಹೊಡೆಯುವ ಕೆಲಸವನ್ನು ಅವಳಿಗೇ ಬಿಡಬೇಕಾಗಿತ್ತು. ಅವಳು ಬಿ೪ರ ಕಾಲಾಳನ್ನು ಹೊಡೆದರೆ ನಾನು ಎ೩ರ ಕಾಲಾಳಿನಿಂದ ತಿರುಗಿ ಹೊಡೆಯುವೆನು. ಈಗ ನನ್ನದು ಒಂದೇ ಕಾಲಾಳಾದರೂ ಅದು ಬಿ ಸಾಲಿನಲ್ಲಿದೆ. ಅದರ ಪದವಿಯ ಮನೆ ಬಿ೮ ಕರಿಯದು, ನನ್ನ ಒಂಟೆಯ ರಾಜ್ಯಕ್ಕೆ ಸೇರಿದ್ದು. ಅರಸನು ಮುಂದೆ ನಡೆದು ದಾರಿ ಮಾಡುವನು, ಒಂಟೆ ಹಿಂದಿನಿಂದ ಕಾಯುವದು, ಗೆಲವು ನಿಶ್ಚಿತ. ಇಲ್ಲಿಯೂ ಒಂದು ಕವಲುಂಟು: ತಿರುಗಿ ಹೊಡೆಯುವಾಗ ಕಾಲಾಳಿನ ಬದಲು ಅರಸನಿಂದ ಹೊಡೆದರೆ ಎ೩ರ ಕಾಲಾಳೇ ಉಳಿದು ಮತ್ತೆ ಅದೇ ಮೂಲೆ, ಅದೇ ಸಮ. ಎರಡು ಕಾಲಾಳುಗಳಿಂದ ಗೆಲ್ಲಲಾಗದ್ದು, ತಕ್ಕ ಸಾಲಿನಲ್ಲಿದ್ದ ಒಂದರಿಂದ ಗೆಲ್ಲಲು ಸಾಧ್ಯವಿತ್ತು. ಇದನ್ನು ಮಣೆಯ ಮೇಲೆ ನಾಲ್ಕು ಸಲ ಆಡಿ ನೋಡಿದೆನು, ಲೆಕ್ಕ ತಪ್ಪಲಿಲ್ಲ.

ಇದರಲ್ಲಿ ನನಗೆ ನಗೆ ತರುವ ಒಂದು ಸಂಗತಿಯಿದೆ. ನಾನು ಆಟ ಕಲಿತದ್ದು ಅಜ್ಜನ ಹತ್ತಿರ, ಹಾವೇರಿ ಜಿಲ್ಲೆಯಿನ್ನೂ ಹುಟ್ಟದೆ ನಮ್ಮ ಸೀಮೆಯೆಲ್ಲ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ. ಅವರದು ದೇಶೀ ಪದ್ಧತಿ. ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯತಕ್ಕದ್ದು. ಅರಸನಿಗೆ ಆಟದಲ್ಲಿ ಒಮ್ಮೆ ಕುದುರೆಯಂತೆ ನೆಗೆಯುವ ಅಪ್ಪಣೆ. ಕೊನೆಯ ಸಾಲನ್ನು ಮುಟ್ಟಿದ ಕಾಲಾಳು ಯಾವ ಸಾಲಿನಲ್ಲಿದೆಯೋ ಆ ಸಾಲಿನ ಕಾಯಿಯೇ ಆಗತಕ್ಕದ್ದು. ಎದುರಾಳಿಯ ಅರಸನನ್ನು ಒಂಟಿಯಾಗಿ ಮಾಡಿದರೆ ನಮ್ಮ ಮನೆಯಲ್ಲಿ ಆಟ ಅಲ್ಲಿಗೇ ಅರ್ಧಕ್ಕೆ ನಿಲ್ಲುತ್ತಿತ್ತು. ಆದ್ದರಿಂದ ಶತ್ರುವಿನ ಕೊನೆಯ ಕಾಲಾಳನ್ನು ಹೊಡೆಯುವ ಮುನ್ನ ಅಜ್ಜ ಗಡ್ಡ ಕೆರೆದುಕೊಂಡು ಹತ್ತು ಸಲ ಯೋಚಿಸುತ್ತಿದ್ದರು. ಆ ಕಟ್ಟಳೆಯಿದ್ದಿದ್ದರೆ ೪೭ನೆಯ ನಡೆಯಲ್ಲಿ ನನ್ನ ಕೈ ತಾನಾಗಿಯೇ ತಡೆಯುತ್ತಿತ್ತು. ಅಂತಾರಾಷ್ಟ್ರೀಯ ನಿಯಮ ಆ ಕಟ್ಟನ್ನು ಬಿಚ್ಚಿತು. ನಾನು ಬಿಚ್ಚಿದ ದನದಂತೆ ಹಸಿರು ಕಂಡತ್ತ ಓಡಿದೆನು.

ಈ ಎರಡು ಪದ್ಧತಿಗಳ ನಡುವೆ ತೊಡರಿದವನು ನಾನೊಬ್ಬನೇ ಅಲ್ಲ. ತಿರುವೇಂಗಡಾಚಾರ್ಯ ಶಾಸ್ತ್ರಿಗಳೆಂಬ ಪಂಡಿತರು ಸಂಸ್ಕೃತದಲ್ಲಿ ‘ವಿಲಾಸಮಣಿಮಂಜರೀ’ ಎಂಬ ಚದುರಂಗ ಗ್ರಂಥವನ್ನು ರಚಿಸಿದರು. ಅದು ಯುರೋಪಿಯನ್ನರ ಪದ್ಧತಿಗೆ ಹೊಂದಿಸಲ್ಪಟ್ಟು ಇಂಗ್ಲೀಷಿನಲ್ಲಿ ಮುಂಬಯಿಯಿಂದ ೧೮೧೪ರಲ್ಲಿ ಹೊರಬಿತ್ತು. ಇನ್ನೂ ಹಿಂದಕ್ಕೆ ಹೋದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜರಿಗೆ ಯೋಗ್ಯವಾದ ವಿನೋದಗಳ ನಡುವೆ ಚದುರಂಗಕ್ಕೂ ಎಡೆ ಕೊಟ್ಟಿರುವನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (೧೭೯೪–೧೮೬೮) ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ಮೆಟ್ಟದಂತೆ ಅರವತ್ತುನಾಲ್ಕು ಮನೆ ಸುತ್ತಿಸುವದರಲ್ಲಿ ಅಪಾರ ಆಸಕ್ತಿ. ಆ ಸುತ್ತನ್ನೇ ಪದ್ಯದಲ್ಲಿ ಕಟ್ಟುವ ತುರಗಪದಬಂಧವನ್ನು ೯ನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ಓದಿ, ಅಜ್ಜನ ಮಣೆಯ ಮೇಲೆ ಕುದುರೆಯನ್ನಿಟ್ಟು ಪರೀಕ್ಷಿಸಿದ್ದುಂಟು. ಕುದುರೆಯ ವಿಷಯದಲ್ಲಿ ಇಷ್ಟು ವ್ಯಾಸಂಗ ಮಾಡಿದವನು ಕುದುರೆಯ ವಿಷಯದಲ್ಲಿಯೇ ಕುರುಡನಾದದ್ದನ್ನು ಇನ್ನು ಹೇಳಬೇಕಾಗಿದೆ.

ಮೊದಲು ಇನ್ನೊಂದು ಸಂದೇಹವನ್ನು ಬಗೆಹರಿಸಿಬಿಡುವೆನು. ೩೧ನೆಯ ನಡೆಯಲ್ಲಿ ನಾನು ಬಿಳಿಯ ಮನೆಗಳ ಒಂಟೆಯನ್ನು ಕೊಟ್ಟು ಅವಳ ಕುದುರೆಯನ್ನು ತೆಗೆದುಕೊಂಡಿದ್ದೆನು. ಆ ಒಂಟೆ ಉಳಿದು ಈ ಒಂಟೆ ಹೋಗಿದ್ದರೆ ಎ೮ರ ಮೂಲೆ ಅವಳಿಗೆ ಆಶ್ರಯವಾಗುತ್ತಿರಲಿಲ್ಲವಷ್ಟೆ? ಹಾಗಾದರೆ ಅದೂ ತಪ್ಪೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಆ ವಿನಿಮಯದಿಂದ ನನಗೆ ಒಂದು ಕಾಲಾಳು ಲಾಭವಾಯಿತು, ಅವಳ ಪಡೆ ಚದುರಿತು, ೩೯ನೆಯ ನಡೆಯಲ್ಲಿ ಅವಳ ಒಂಟೆಯೂ ನನಗೆ ಸಿಕ್ಕಿತು. ಮನೆ ಬಿದ್ದ ಮೇಲೆ ತಳಪಾಯದ ಪ್ರತಿಯೊಂದು ಕಲ್ಲನ್ನೂ ಬೈಯುವದು ಪರೀಕ್ಷೆಯಲ್ಲ, ಪ್ರಲಾಪ. ಹೀಗೆ ನಿಶ್ಚಯಿಸಿ, ತಪ್ಪು ೪೭ನೆಯದೊಂದೇ, ಮಿಕ್ಕದ್ದೆಲ್ಲ ನಿರ್ದುಷ್ಟ, ಎಂದು ನೋಟುಬುಕ್ಕಿನಲ್ಲಿ ಬರೆದು ಸಹಿ ಹಾಕಿದೆನು. ಮೊಬೈಲಿನ ದೋಷಾರೋಪಣೆಯನ್ನು ಹಿಂತೆಗೆದುಕೊಂಡದ್ದಕ್ಕೆ ಮನಸ್ಸಿನಲ್ಲಿ ಸ್ವಲ್ಪ ಸಾತ್ತ್ವಿಕಾನಂದವೂ ಆಯಿತು.

ಅದು ಎರಡು ದಿವಸವೂ ಉಳಿಯಲಿಲ್ಲ. ರಜೆಗೆ ಬಂದ ಮೊಮ್ಮಗನು ನನ್ನ ಕಾಗದವನ್ನು ನೋಡಿ ನಡೆಗಳನ್ನೆಲ್ಲ ತನ್ನ ಫೋನಿನಲ್ಲಿ ತುಂಬಿದನು. ಈಗಿನ ಗಣಕಯಂತ್ರಗಳು ಯಾವ ಮನುಷ್ಯನಿಗಿಂತಲೂ ಚೆನ್ನಾಗಿ ಚದುರಂಗವಾಡುತ್ತವೆ. ಪ್ರತಿಯೊಂದು ನಡೆಯ ಎದುರಿಗೆ ಯಾರಿಗೆಷ್ಟು ಮೇಲುಗೈಯೆಂದು ಅಂಕಿ ತೋರಿಸುತ್ತವೆ. ೪೭ರ ಎದುರಿಗೆ ಸೊನ್ನೆ ಬಂತು, ಅದು ನಿರೀಕ್ಷಿತವೇ. ಆದರೆ ಹುಡುಗನು ಏನೂ ಮಾತಾಡದೆ ಬೆರಳಿನಿಂದ ಹಿಂದಕ್ಕೆ ಸರಿಸುತ್ತ ಹೋಗಿ ೧೮ರಲ್ಲಿ ನಿಲ್ಲಿಸಿ ಫೋನನ್ನು ನನ್ನ ಕೈಗೆ ಕೊಟ್ಟನು. ಅಲ್ಲೊಂದು ಕೆಂಪು ಗುರುತು.

೧೮ನೆಯ ನಡೆಯ ಹೊತ್ತಿಗೆ ಇಬ್ಬರ ಮಂತ್ರಿಗಳೂ ಮಡಿದಿದ್ದವು. ನನ್ನ ಆನೆಗಳು ಎ೧ ಮತ್ತು ಇ೧ರಲ್ಲಿ. ಸಿ ಸಾಲಿನ ಕಾಲಾಳು ಮುಂದೆ ಹೋಗಿದ್ದರಿಂದ ಸಿ೨ ಬರಿದು, ಅದನ್ನು ಕಾಯುವವರಿಲ್ಲ. ಅವಳ ಕುದುರೆ ಬಿ೪ರಲ್ಲಿ ಬಂದು ಕುಳಿತಿತ್ತು. ಅದನ್ನು ಗದರಿಸಿ ಓಡಿಸಲೆಂದು ನಾನು ಎ ಸಾಲಿನ ಕಾಲಾಳನ್ನು ಎ೩ಕ್ಕೆ ನೂಕಿದೆನು. ಕುದುರೆ ಹೆದರಿ ಸಿ೬ಕ್ಕೆ ಹಿಂದೆಗೆಯಿತು. ನಾನು ಗಟ್ಟಿಯಾದ ನಡೆಯೆಂದು ತಲೆದೂಗಿದೆನು. ಅದು ಹಿಂದೆಗೆಯದೆ ಸಿ೨ಕ್ಕೆ ನೆಗೆದಿದ್ದರೆ? ಅಲ್ಲಿಂದ ಕುದುರೆಯ ದೃಷ್ಟಿ ಎ೧ಕ್ಕೂ ಇ೧ಕ್ಕೂ, ಎರಡು ಆನೆಗಳ ಮೇಲೂ ಏಕಕಾಲಕ್ಕೆ ಬೀಳುತ್ತದೆ. ಒಂದು ಆನೆಯನ್ನು ಕೊಟ್ಟು ಆ ಕುದುರೆಯನ್ನು ಪಡೆಯುವದಕ್ಕಿಂತ ಬೇರೆ ಗತಿ ನನಗಿರಲಿಲ್ಲ. ಅಲ್ಲಿಂದ ಮುಂದೆ ಅವಳು ಸಾವಕಾಶವಾಗಿ ನನ್ನನ್ನು ಹಣಿಯುತ್ತಿದ್ದಳು. ೪೭ನೆಯ ನಡೆ ಬರುತ್ತಲೇ ಇರಲಿಲ್ಲ.

ನನಗೆ ನಾಚಿಕೆಯಾದದ್ದು ತಪ್ಪಿಗಲ್ಲ. ನಾನು ಮಣೆಯ ಮುಂದೆ ಮೂರು ಸಂಜೆ ಕುಳಿತು ನನ್ನ ಕೈ ತಪ್ಪಿದ ಗೆಲವನ್ನು ನಾಲ್ಕು ಸಲ ಆಡಿ ನೋಡಿದ್ದೆನು. ಅವಳ ಕೈ ತಪ್ಪಿದ ಗೆಲವನ್ನು ಒಂದು ಸಲವೂ ಹುಡುಕಿರಲಿಲ್ಲ. ಕಾಗದ ಒಂದೇ, ನಡೆಗಳು ಅವೇ, ಎರಡರ ನಡುವೆ ಇಪ್ಪತ್ತೊಂಬತ್ತು ನಡೆಗಳ ಅಂತರ. “ಗೆದ್ದ ಆಟ ಹೋಯಿತು” ಎಂದು ಊರಿಗೆ ಸಾರಿದ್ದೆನಲ್ಲ. ಆ ಬಾಲಿಕೆಯೂ ತನ್ನ ಊರಿನಲ್ಲಿ ಅದೇ ಮಾತನ್ನು, ನನಗಿಂತ ಹೆಚ್ಚಿನ ಹಕ್ಕಿನಿಂದ, ಹೇಳಬಹುದಾಗಿತ್ತು.

ದೊಡ್ಡವರಿಗೂ ಹೀಗಾಗುತ್ತದೆಂಬುದು ಸಮಾಧಾನವಲ್ಲವಾದರೂ ಸತ್ಯ. ೨೦೨೪ರ ಡಿಸೆಂಬರ್ ೧೨ರಂದು ಸಿಂಗಾಪುರದಲ್ಲಿ ನಮ್ಮ ದೇಶದ ಗುಕೇಶನು ವಿಶ್ವವಿಜೇತನಾದ ಹದಿನಾಲ್ಕನೆಯ ಆಟದಲ್ಲಿ, ಚೀನದ ಡಿಂಗ್ ಲಿರೆನ್‌ನು ಸಮದ ಸ್ಥಿತಿಯಲ್ಲಿ ೫೫ನೆಯ ನಡೆಗೆ ಆನೆಯನ್ನು ಎಫ್೨ಕ್ಕೆ ತಂದನು. ಆನೆಗಳು ಹೋದವು, ಹಿಂದೆಯೇ ಮೂಲೆಯಲ್ಲಿ ಸಿಕ್ಕಿದ್ದ ಒಂಟೆಯೂ ವಿನಿಮಯವಾಗಲೇಬೇಕಾಯಿತು, ಉಳಿದ ಕಾಲಾಳುಗಳ ಲೆಕ್ಕದಲ್ಲಿ ಕಿರೀಟ ಕೈ ಬಿಟ್ಟಿತು. ಯಾವ ಕಾಯಿಯನ್ನು ಕೊಟ್ಟರೆ ಕೊನೆಗೆ ಏನು ಉಳಿಯುವದೆಂಬ ಪ್ರಶ್ನೆ ಅಲ್ಲಿಯೂ ಅದೇ. ೧೯೪೮ರಲ್ಲಿ ವಿಶ್ವವಿಜೇತನಾದ ರಷ್ಯದ ಬೋತ್ವಿನ್ನಿಕ್‌ನು ಆಟಗಾರನಾದವನು ತನ್ನ ಆಟಗಳನ್ನು ತಾನೇ ವಿಮರ್ಶಿಸಿ ಅಚ್ಚು ಹಾಕಿಸಬೇಕು, ಆಗ ತಪ್ಪು ಹಿಡಿಯುವವರು ತಾವಾಗಿ ಬರುವರು ಎನ್ನುತ್ತಿದ್ದನು. ಕಟ್ಟೆಯ ಮೇಲೆ ಹೇಳಿದ್ದನ್ನು ಮಾಸಪತ್ರಿಕೆಯಲ್ಲಿ ತಿದ್ದುವ ಈ ಸಾಹಸಕ್ಕೆ ಅವನೇ ಆಧಾರ. ಕರ್ನಾಟಕದಿಂದ ಮೊದಲ ಗ್ರಾಂಡ್‌ಮಾಸ್ಟರ್ ಬರಲು, ಮೈಸೂರಿನ ತೇಜಕುಮಾರರ ರೂಪದಲ್ಲಿ, ೨೦೧೭ರ ವರೆಗೆ ಕಾಯಬೇಕಾಯಿತು. ನಮ್ಮ ತಾಲೂಕಿನ ಮಕ್ಕಳಿಗೆ ಅಷ್ಟು ಕಾಯುವ ತಾಳ್ಮೆಯಿಲ್ಲವೆಂದು ನನಗೆ ಪ್ರತ್ಯಕ್ಷ ಅನುಭವವಾಗಿದೆ.

ನೋಟುಬುಕ್ಕಿನಲ್ಲಿ ‘ಮಿಕ್ಕದ್ದೆಲ್ಲ ನಿರ್ದುಷ್ಟ’ ಎಂಬುದನ್ನು ಹೊಡೆದುಹಾಕಿದ್ದೇನೆ. ಸಿ೨ರ ಸಂಗತಿಯನ್ನು ಒಂದು ಕಾರ್ಡಿನಲ್ಲಿ ಬರೆದು, ಪಂದ್ಯವನ್ನು ನಡೆಸಿದ ಗೃಹಸ್ಥರ ಮುಖಾಂತರ ಬ್ಯಾಡಗಿಗೆ ಕಳಿಸಿದ್ದೂ ಆಯಿತು. ಮೊಮ್ಮಗನು, “ಆಕಿಗೆ ಹೇಳಿಬಿಟ್ರ ಮುಂದಿನ ಸಲ ನಿಮಗ ಸೋಲಾ ಗ್ಯಾರಂಟಿ ಅಜ್ಜಾ,” ಎಂದನು. ಬಹುಶಃ ಅವಳಿಗೆ ಮೊದಲೇ ತಿಳಿದಿರುವದು. ಅವಳ ಮನೆಯಲ್ಲಿಯೂ ಫೋನು ಇದ್ದೇ ಇರಬೇಕು.

ಆಟ ಬಲ್ಲ ವಾಚಕರಿಗೆ ಒಂದು ಕೆಲಸ ಬಿಟ್ಟಿದ್ದೇನೆ. ಮೇಲೆ ಹೇಳಿದ ಸ್ಥಿತಿಯಲ್ಲಿ ನಾನು ಅರಸನನ್ನು ಸಿ೪ಕ್ಕೆ ತಂದಾಗ, ಅವಳು ಬಿ೪ರಲ್ಲಿ ಹೊಡೆಯದೆ ತನ್ನ ಕಾಲಾಳನ್ನು ಎ೪ಕ್ಕೆ ಮುಂದೂಡಿದಳೆಂದು ಭಾವಿಸಿರಿ. ಬಿಳಿಯವನ ಮುಂದಿನ ನಡೆ ಯಾವುದು? ಮಣೆಯಿಲ್ಲದವರು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಕೊರೆದು, ಕವಡೆ ಹುಣಿಸೆಬೀಜಗಳನ್ನಿಟ್ಟು ನೋಡಬಹುದು. ಉತ್ತರ ಮುಂದಿನ ತಿಂಗಳಿಗೆ.